ಪಿಎಚ್‌ಡಿ ಮುಗಿಯಿತು, ಮುಂದೆ? ಆನುವಂಶಿಕ ಕಾಯಿಲೆಗಳ ಗಣಕ ಸಂಶೋಧನೆಗೆ ಮೈಸೂರೋ, ಬೆಂಗಳೂರೋ, ಹೊರದೇಶವೋ

ಹೋದ ತಿಂಗಳು ಒಂದು ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನನ್ನ ಜೊತೆ ನಡೆಯುತ್ತಿದ್ದ ಹುಡುಗಿಯ ಮೊಬೈಲ್‌ನಲ್ಲಿ ಮೂರು ಆಹ್ವಾನಗಳಿದ್ದವು. ಒಂದು ಬೆಂಗಳೂರಿನ ಲ್ಯಾಬಿನದು. ಆಸ್ಪತ್ರೆಯ ಜೊತೆ ಸೇರಿ ಮಕ್ಕಳ ಆನುವಂಶಿಕ ಕಾಯಿಲೆಗಳ ಮೇಲೆ ಕೆಲಸ ಮಾಡುವ ಜಾಗ. ಒಂದು ವರ್ಷದ ಪ್ರಾಜೆಕ್ಟ್ ಹುದ್ದೆ, ಮುಂದುವರಿದರೆ ಮುಂದುವರಿಯಿತು. ಇನ್ನೊಂದು ಜರ್ಮನಿಯಿಂದ ಬಂದದ್ದು: ನಮ್ಮಲ್ಲಿಗೆ ಬರುವ ಮನಸ್ಸಿದ್ದರೆ ಜೊತೆಯಾಗಿ ಫೆಲೋಶಿಪ್‌ಗೆ ಅರ್ಜಿ ಬರೆಯೋಣ ಎಂದು. ಮೂರನೆಯದನ್ನು ಪತ್ರ ಎನ್ನುವಂತಿರಲಿಲ್ಲ, ಮೈಸೂರಿನ ಪ್ರಾಧ್ಯಾಪಕರೊಬ್ಬರ ವಾಟ್ಸ್‌ಆ್ಯಪ್ ಸಂದೇಶ: "ನಿಮ್ಮದೇ ಫೆಲೋಶಿಪ್ ತಂದರೆ ಮೇಜು, ಕುರ್ಚಿ, ಸರ್ವರ್ ನನ್ನ ಜವಾಬ್ದಾರಿ."

ಅವಳು ಮಂಡ್ಯದ ಪಕ್ಕದ ಹಳ್ಳಿಯವಳು. ಡಾಕ್ಟರೇಟ್ ಬಂದ ಮೇಲೂ ತರಬೇತಿ ಏಕೆ ಎಂಬುದು ಅವಳ ಅಪ್ಪನಿಗೆ ಇನ್ನೂ ಬಗೆಹರಿಯದ ವಿಷಯ. ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಪಿಎಚ್‌ಡಿಯಲ್ಲಿ ಗೈಡ್ ಕೊಟ್ಟ ಪ್ರಶ್ನೆಗೆ ಉತ್ತರ ಹುಡುಕುತ್ತೇವೆ. ಪ್ರಶ್ನೆಯನ್ನು ನಾವೇ ಹುಟ್ಟಿಸಿಕೊಂಡು, ಅದಕ್ಕೆ ಹಣ ತಂದು, ಇನ್ನೊಬ್ಬರಿಗೆ ಕಲಿಸುತ್ತ ಅದನ್ನು ಮುಗಿಸಬಲ್ಲೆವು ಎಂದು ತೋರಿಸುವ ಎರಡು, ಮೂರು, ಕೆಲವೊಮ್ಮೆ ಐದು ವರ್ಷಗಳೇ ಪೋಸ್ಟ್‌ಡಾಕ್. ನಮ್ಮ ಕ್ಷೇತ್ರದಲ್ಲಿ ಇನ್ನೊಂದು ಕಾರಣವೂ ಇದೆ. ಜೀವಶಾಸ್ತ್ರದಿಂದ ಬಂದವರಿಗೆ ಪೈಥಾನ್ ಅರ್ಧ ಬರುತ್ತದೆ, ಕಂಪ್ಯೂಟರ್ ಕಡೆಯಿಂದ ಬಂದವರಿಗೆ ಜೀನ್ ಅರ್ಧ ಗೊತ್ತಿರುತ್ತದೆ. ಉಳಿದರ್ಧವನ್ನು ಕಲಿಯುವುದು ಈ ಅವಧಿಯಲ್ಲೇ.

ಈ ಮೂರರಲ್ಲಿ ಯಾವುದು ಎಂದು ಅವಳು ಕೇಳಿದಳು. ಇಂಥ ಪ್ರಶ್ನೆಗೆ ಹೆಚ್ಚಿನವರು ಎರಡು ಅಳತೆಗೋಲು ಹಿಡಿಯುತ್ತಾರೆ, ಸಂಸ್ಥೆಯ ಹೆಸರು ಮತ್ತು ತಿಂಗಳ ಸಂಬಳ. ಎರಡೂ ಮುಖ್ಯವೇ. ಆದರೆ ನಾನು ಮೊದಲು ಕೇಳುವುದು ಬೇರೆ: ನಿಮ್ಮ ಕಂಪ್ಯೂಟರ್ ತೆರೆಯ ಮೇಲೆ ಒಂದು ಅನುಮಾನ ಹುಟ್ಟಿದರೆ, ಅದು ರೋಗಿಯ ಮನೆಯವರೆಗೆ ಹೋಗಿ ಉತ್ತರ ಹೊತ್ತು ಹಿಂತಿರುಗುವ ದಾರಿ ಆ ಲ್ಯಾಬಿನಲ್ಲಿ ಇದೆಯೇ? ಹೀಗೆ ಕೇಳುವುದನ್ನು ನನಗೆ ಕಲಿಸಿದ್ದು ಒಂದು ಕಡತ.

"ಮೊದಲು ನಿಮಗೆ ಏನಾಗಬೇಕಿತ್ತು?"

ನನ್ನ ಮೊದಲ ಪೋಸ್ಟ್‌ಡಾಕ್ ಪೂರ್ತಿ ಡ್ರೈ ಲ್ಯಾಬ್‌ನಲ್ಲಿ. ಪೈಪೆಟ್ ಇಲ್ಲ, ರೋಗಿ ಇಲ್ಲ, ಸರ್ವರ್ ಮಾತ್ರ. ಬೇರೆಲ್ಲೋ ಸಂಗ್ರಹಿಸಿದ ರಕ್ತ, ಬೇರೆಲ್ಲೋ ಓದಿಸಿದ ಡಿಎನ್‌ಎ. ನಮಗೆ ಬರುತ್ತಿದ್ದದ್ದು ಸಂಖ್ಯೆ ಹಚ್ಚಿದ ಫೈಲ್‌ಗಳು. ಒಬ್ಬ ವ್ಯಕ್ತಿಯ ಎಕ್ಸೋಮ್, ಅಂದರೆ ಪ್ರೊಟೀನ್ ತಯಾರಿಕೆಯ ಸೂಚನೆಗಳಿರುವ, ಜೀನೋಮಿನ (ನಮ್ಮ ಪೂರ್ತಿ ಡಿಎನ್‌ಎಯ) ಶೇಕಡ ಒಂದೆರಡು ಭಾಗವನ್ನು ಓದಿಸಿ, ಹೋಲಿಕೆಗೆಂದು ಎಲ್ಲರೂ ಬಳಸುವ ಆಧಾರ ಜೀನೋಮ್ ಜೊತೆ ಹೋಲಿಸಿದರೆ ಇಪ್ಪತ್ತು ಸಾವಿರದ ಆಸುಪಾಸು ವ್ಯತ್ಯಾಸಗಳು ಸಿಗುತ್ತವೆ. ಬಹುಪಾಲು ನಿರಪಾಯದವು. ಜನರಲ್ಲಿ ಸಾಮಾನ್ಯವಾಗಿ ಕಾಣುವವನ್ನು ಜರಡಿ ಹಿಡಿದು ತೆಗೆದರೆ ಕೆಲವು ನೂರು ಉಳಿಯುತ್ತವೆ. ಅವುಗಳಲ್ಲಿ ಮಗುವಿನ ಕಾಯಿಲೆಗೆ ಕಾರಣವಾದದ್ದು ಯಾವುದು ಎಂದು ಹುಡುಕುವುದು ನಮ್ಮ ಕೆಲಸ.

ಒಂದು ಫೈಲ್‌ನಲ್ಲಿ ವಿಚಿತ್ರ ಕಂಡಿತು. ಆ ಹುಡುಗನ ಜೀನೋಮಿನಲ್ಲಿ ಉದ್ದುದ್ದ ಪಟ್ಟಿಗಳು, ಅಪ್ಪನಿಂದ ಬಂದ ಪ್ರತಿ ಮತ್ತು ಅಮ್ಮನಿಂದ ಬಂದ ಪ್ರತಿ ಅಕ್ಷರಕ್ಕೆ ಅಕ್ಷರ ಒಂದೇ. ಎಲ್ಲ ಸೇರಿಸಿದರೆ ಜೀನೋಮಿನ ಎಂಟನೇ ಒಂದು ಭಾಗದ ಹತ್ತಿರ. ಸೋದರಮಾವನನ್ನು ಮದುವೆಯಾದವರ ಮಕ್ಕಳಲ್ಲಿ ಸರಾಸರಿ ಇಷ್ಟು ಕಾಣುತ್ತದೆ. ಅತ್ತೆ ಅಥವಾ ಮಾವನ ಮಕ್ಕಳು ಮದುವೆಯಾದರೆ ಇದರ ಅರ್ಧ, ಹದಿನಾರನೇ ಒಂದು ಭಾಗ. ಕಡತದಲ್ಲಿ ಮಾತ್ರ "ರಕ್ತಸಂಬಂಧದ ಮದುವೆ: ಇಲ್ಲ" ಎಂದು ಬರೆದಿತ್ತು. ಮಾದರಿ ಅದಲುಬದಲಾಗಿರಬಹುದು ಎಂದು ನಮ್ಮ ಮುಖ್ಯಸ್ಥರು ಆ ಫೈಲನ್ನೇ ಪಕ್ಕಕ್ಕಿಡಲು ಹೇಳಿದರು. ವಿಚಾರಿಸಲು ಯಾರಿದ್ದಾರೆ? ವೈದ್ಯರ ಹೆಸರು ಒಪ್ಪಂದಪತ್ರದಲ್ಲಿತ್ತು, ಫೋನ್ ಸಂಖ್ಯೆ ಯಾರ ಬಳಿಯೂ ಇರಲಿಲ್ಲ.

ಅದನ್ನು ಹುಡುಕಿಕೊಳ್ಳಲು ನನಗೆ ಏಳು ವಾರ ಹಿಡಿಯಿತು. ಆ ವೈದ್ಯರು ಒಳ್ಳೆಯವರು. ಕುಟುಂಬ ಮುಂದಿನ ಬಾರಿ ಬಂದಾಗ ನನ್ನನ್ನೂ ಕೂರಿಸಿಕೊಂಡರು. ಮಂಡ್ಯ ಕಡೆಯ ತಾಯಿ, ತೊಡೆಯ ಮೇಲೆ ಮಗ. "ಸಂಬಂಧದಲ್ಲಿ ಮದುವೆಯಾದಿರಾ?" ಎಂದರೆ ಮತ್ತೆ ಇಲ್ಲ ಎಂದರು. ವೈದ್ಯರು ಬೇರೆ ರೀತಿ ಕೇಳಿದರು: "ಮದುವೆಗೆ ಮೊದಲು ಇವರು ನಿಮಗೆ ಏನಾಗಬೇಕಿತ್ತು?" ಆಕೆ ನಕ್ಕು, "ಮಾವ ಆಗಬೇಕು, ನಮ್ಮ ಅಮ್ಮನ ತಮ್ಮ" ಎಂದರು. ಆಕೆಯ ಪಾಲಿಗೆ ಅದು ಸಂಬಂಧದಲ್ಲಿ ಮದುವೆ ಅಲ್ಲವೇ ಅಲ್ಲ, ಬರೀ ಮದುವೆ. ವೈದ್ಯರು ಹಳೆಯ ಡಿಸ್ಚಾರ್ಜ್ ಚೀಟಿಯ ಬೆನ್ನ ಮೇಲೆ ವಂಶವೃಕ್ಷ ಬರೆದರು: ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದವರಿಗೆ ಕಪ್ಪು ತುಂಬಿ. ಗಂಡ ಹೆಂಡತಿಯ ನಡುವೆ ಎಳೆದಿದ್ದ ಒಂಟಿ ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದರು. ರಕ್ತಸಂಬಂಧದ ಗುರುತು ಆ ಜೋಡಿ ಗೆರೆ. ಅಲ್ಲಿಂದ ಮುಂದೆ ಕೆಲಸ ಸುಲಭವಾಯಿತು. ಆ ಉದ್ದ ಪಟ್ಟಿಗಳೊಳಗೆ ಬಿದ್ದ ಅಪರೂಪದ ವ್ಯತ್ಯಾಸಗಳನ್ನು, ಅಂದರೆ ವೇರಿಯಂಟ್‌ಗಳನ್ನಷ್ಟೇ ನೋಡಿದರೆ ಸಾಕಿತ್ತು; ಕೆಲವು ನೂರು ಇದ್ದದ್ದು ಕೈಬೆರಳೆಣಿಕೆಗೆ ಇಳಿಯಿತು.

ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣ ನಮ್ಮ ಸೀಮೆ. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದ ಮದುವೆಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ರಕ್ತಸಂಬಂಧದೊಳಗಿನವು. 1980ರ ದಶಕದಲ್ಲೇ ಬೆಂಗಳೂರು ಮತ್ತು ಮೈಸೂರು ನಗರಗಳಲ್ಲಿ ಲಕ್ಷಕ್ಕೂ ಹೆಚ್ಚು ಮದುವೆಗಳ ಮಾಹಿತಿ ಸಂಗ್ರಹಿಸಿ ಇದನ್ನು ಎಣಿಸಿದವರಿದ್ದಾರೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳನ್ನು ಅಧ್ಯಯನ ಮಾಡಲು ಜಗತ್ತಿನ ಸಂಶೋಧಕರು ಇಂಥ ಪ್ರದೇಶಗಳನ್ನು ಹುಡುಕಿಕೊಂಡು ಬರುತ್ತಾರೆ. ನಾವು ಇಲ್ಲೇ ಹುಟ್ಟಿ, ಇದೇ ಭಾಷೆ ಆಡಿ, ಎಲ್ಲೋ ದೂರದ ದತ್ತಾಂಶದ ಮೇಲೆ ಪೇಪರ್ ಬರೆಯಲು ಹೊರಡುತ್ತೇವೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗೆ.

ಪ್ರಾಜೆಕ್ಟ್ ಹುದ್ದೆಯೋ, ಸ್ವಂತ ಫೆಲೋಶಿಪ್ಪೋ

ಊರು ಯಾವುದು ಎನ್ನುವುದಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಇದು. ಪ್ರಾಜೆಕ್ಟ್ ಹುದ್ದೆಯಲ್ಲಿ ಹಣ ಲ್ಯಾಬಿನ ಮುಖ್ಯಸ್ಥರದು, ಪ್ರಶ್ನೆಯೂ ಅವರದು. ಫೆಲೋಶಿಪ್‌ನಲ್ಲಿ ಎರಡೂ ನಿಮ್ಮ ಹೆಸರಿನಲ್ಲಿರುತ್ತವೆ.

ಕೇಂದ್ರದ ನೆರವಿನ ಪ್ರಾಜೆಕ್ಟ್‌ಗಳಲ್ಲಿ ರಿಸರ್ಚ್ ಅಸೋಸಿಯೇಟ್ ಮೊದಲ ಹಂತಕ್ಕೆ 2023ರ ಜನವರಿಯಿಂದ ತಿಂಗಳಿಗೆ 58,000 ರೂಪಾಯಿ; ಮೇಲಿನ ಎರಡು ಹಂತಗಳಿಗೆ 61,000 ಮತ್ತು 67,000. ಇದರ ಮೇಲೆ ಮನೆ ಬಾಡಿಗೆ ಭತ್ಯೆ. ಬೆಂಗಳೂರು ಮೊದಲ ದರ್ಜೆಯ ನಗರ, ಶೇಕಡ 30. ಮೈಸೂರು ಎರಡನೆಯ ದರ್ಜೆ, ಶೇಕಡ 20. ಅಂದರೆ ಬೆಂಗಳೂರಿನಲ್ಲಿ 75,400, ಮೈಸೂರಿನಲ್ಲಿ 69,600. ವ್ಯತ್ಯಾಸ 5,800. ಯಲಹಂಕದಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಮನೆ ಹುಡುಕಿದವರಿಗೆ ಆ 5,800 ಎಲ್ಲಿ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ಸಂಬಳದ ಕಾರಣಕ್ಕೆ ಬೆಂಗಳೂರು ಎನ್ನುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಲಿ.

ಪ್ರಾಜೆಕ್ಟ್ ಹುದ್ದೆಯ ಇನ್ನೊಂದು ಗುಣವನ್ನು ನಾನು ಅನುಭವಿಸಿ ಬಲ್ಲೆ. ಅನುದಾನದ ಎರಡನೆಯ ಕಂತು ಬರುವವರೆಗೆ ಸಂಬಳವಿಲ್ಲ. ಒಮ್ಮೆ ಐದು ತಿಂಗಳು ಕಾದೆ. ಬಂದಾಗ ಒಟ್ಟಿಗೆ ಬಂತು, ಅಷ್ಟರಲ್ಲಿ ಅಕ್ಕನ ಬಳಿ ಮಾಡಿದ ಸಾಲ ತೀರಿಸಲು ಸರಿಹೋಯಿತು. ಸೇರುವ ಮೊದಲು ಅಲ್ಲಿ ಕೆಲಸ ಮಾಡುತ್ತಿರುವವರನ್ನು, ಮುಖ್ಯಸ್ಥರನ್ನಲ್ಲ, ಈ ಬಗ್ಗೆ ಕೇಳಿ.

ಸ್ವಂತ ಫೆಲೋಶಿಪ್‌ಗಳಲ್ಲಿ ನಮ್ಮವರು ಹೆಚ್ಚು ಹಾಕುವುದು ನ್ಯಾಷನಲ್ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್‌ಗೆ. ಹಿಂದೆ ಸರ್ಬ್ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಕೊಡುತ್ತಿದ್ದದ್ದು. ಆ ಸಂಸ್ಥೆ ಈಗ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್‌ನೊಳಗೆ ಸೇರಿದೆ. ಎರಡು ವರ್ಷ, ಜೀವನದಲ್ಲಿ ಒಂದೇ ಬಾರಿ, ವಯಸ್ಸು 35ರೊಳಗಿರಬೇಕು. ಮಹಿಳೆಯರಿಗೆ ಮತ್ತು ಮೀಸಲು ವರ್ಗಗಳಿಗೆ ಸಡಿಲಿಕೆ ಇದೆ. ಸಂಶೋಧನೆಗೆಂದು ಪ್ರತ್ಯೇಕ ಮೊತ್ತವೂ ಜೊತೆಗೆ ಬರುತ್ತದೆ. ಒಂದೇ ಬಾರಿ ಎಂಬುದನ್ನು ಗಟ್ಟಿಯಾಗಿ ನೆನಪಿಡಿ. ವೈವಾ ಮುಗಿದ ವಾರವೇ ಆತುರದಲ್ಲಿ ಸಿಕ್ಕ ಲ್ಯಾಬಿನಲ್ಲಿ ಇದನ್ನು ಖರ್ಚು ಮಾಡಿ ಆಮೇಲೆ ಪರಿತಪಿಸಿದವರನ್ನು ಬಲ್ಲೆ. ಜೈವಿಕ ತಂತ್ರಜ್ಞಾನ ಇಲಾಖೆಯ ರಿಸರ್ಚ್ ಅಸೋಸಿಯೇಟ್‌ಶಿಪ್ ಇನ್ನೊಂದು, ಅದರ ನಿರ್ವಹಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ.

ಇವೆಲ್ಲಕ್ಕಿಂತ ಎತ್ತರದ ಮೆಟ್ಟಿಲು ಇಂಡಿಯಾ ಅಲಯನ್ಸ್‌ನ ಅರ್ಲಿ ಕರಿಯರ್ ಫೆಲೋಶಿಪ್. ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಸಂಸ್ಥೆ ಸೇರಿ 2008ರಲ್ಲಿ ಕಟ್ಟಿದ ವ್ಯವಸ್ಥೆ ಅದು. ವಯಸ್ಸಿನ ಮಿತಿ ಇಲ್ಲ, ಅವಧಿ ದೀರ್ಘ, ಅರ್ಜಿಯಲ್ಲಿ ಪ್ರಶ್ನೆ ನಿಮ್ಮದೇ ಆಗಿರಬೇಕು. ಗೈಡ್‌ನ ಪ್ರಶ್ನೆಯನ್ನು ಬಣ್ಣ ಬಳಿದು ತಂದರೆ ಸಂದರ್ಶನದಲ್ಲಿ ಹತ್ತು ನಿಮಿಷದೊಳಗೆ ಗೊತ್ತಾಗಿಬಿಡುತ್ತದೆ. ಸಿಗುವುದು ಕಷ್ಟ. ಅರ್ಜಿ ಬರೆಯುವ ಕಷ್ಟವೇ ಒಂದು ತರಬೇತಿ ಎಂದು ನಾನು ನಂಬಿದ್ದೇನೆ. ಸಿಗದವರಿಗೆ ಈ ಮಾತು ಸಮಾಧಾನ ತಂದದ್ದನ್ನು ಮಾತ್ರ ಕಂಡಿಲ್ಲ. ಮದುವೆ, ಹೆರಿಗೆ, ಮನೆಯವರ ಆರೈಕೆ ಎಂದು ನಡುವೆ ನಿಂತುಹೋದ ಮಹಿಳೆಯರಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್ ಯೋಜನೆ, ಜೈವಿಕ ತಂತ್ರಜ್ಞಾನ ಇಲಾಖೆಯ ಬಯೋಕೇರ್ ಇವೆ. ಮೈಸೂರಿನಂಥ ಊರಿನಲ್ಲಿ ಇವು ಬಹಳ ಜನರಿಗೆ ಒದಗುತ್ತವೆ, ಹಾಕುವವರು ಕಡಿಮೆ.

ನನ್ನ ಸಲಹೆ: ಕೈಯಲ್ಲಿ ಪ್ರಶ್ನೆ ಇದ್ದರೆ ಫೆಲೋಶಿಪ್. ಪ್ರಶ್ನೆ ಇನ್ನೂ ಮೂಡಿಲ್ಲದಿದ್ದರೆ, ಅದರಲ್ಲಿ ನಾಚಿಕೆ ಪಡುವುದೇನೂ ಇಲ್ಲ, ರೋಗಿಗಳಿರುವ ಲ್ಯಾಬಿನಲ್ಲಿ ಒಂದು ವರ್ಷ ಪ್ರಾಜೆಕ್ಟ್ ಹುದ್ದೆ ಹಿಡಿದು, ಅಲ್ಲಿ ಪ್ರಶ್ನೆ ಸಿಕ್ಕ ಮೇಲೆ ಫೆಲೋಶಿಪ್.

ಮೈಸೂರಲ್ಲೇ ಉಳಿದರೆ

ಮೈಸೂರು ಎಂದರೆ ಸಂಶೋಧನೆಗೆ ಸಣ್ಣ ಊರು ಎಂಬ ಮಾತು ಬೆಂಗಳೂರಿನಲ್ಲಿ ಕೇಳುತ್ತದೆ. ಮೈಸೂರಿನವರೇ ಹೇಳುವುದನ್ನೂ ಕೇಳಿದ್ದೇನೆ. ಮಾನಸಗಂಗೋತ್ರಿಯಲ್ಲಿ ತಳಿವಿಜ್ಞಾನ ಮತ್ತು ಜೀನೋಮ್ ಅಧ್ಯಯನ ವಿಭಾಗವಿದೆ. ಜೆಎಸ್‌ಎಸ್ ವೈದ್ಯಕೀಯ ಕಾಲೇಜು, 1924ರಷ್ಟು ಹಳೆಯ ಮೈಸೂರು ಮೆಡಿಕಲ್ ಕಾಲೇಜು ಮತ್ತು ಅದರ ಕೆ.ಆರ್. ಆಸ್ಪತ್ರೆ ಇವೆ. ಆದರೆ ಈ ವಿಷಯಕ್ಕೆ ಮೈಸೂರಿನ ನಿಜವಾದ ಆಸ್ತಿ ಎರಡು, ಎರಡನ್ನೂ ಯಾರೂ ಮೊದಲ ಉಸಿರಿಗೆ ಹೇಳುವುದಿಲ್ಲ.

ಒಂದು, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅರುವತ್ತರ ದಶಕದಿಂದ ಕಿವಿ ಕೇಳದ ಮಕ್ಕಳನ್ನು ಕರೆದುಕೊಂಡು ಕರ್ನಾಟಕದ ಮೂಲೆ ಮೂಲೆಯಿಂದ, ಹೊರರಾಜ್ಯಗಳಿಂದ ತಾಯಂದಿರು ಅಲ್ಲಿಗೆ ಬರುತ್ತಿದ್ದಾರೆ. ಹುಟ್ಟಿನಿಂದ ಬರುವ ಕಿವುಡುತನದಲ್ಲಿ ದೊಡ್ಡ ಪಾಲು ಆನುವಂಶಿಕ, ಅದಕ್ಕೆ ನೂರಕ್ಕೂ ಹೆಚ್ಚು ಜೀನ್‌ಗಳು ಕಾರಣವಾಗಬಲ್ಲವು. ಅವುಗಳಲ್ಲಿ ಜಿಜೆಬಿ2 ಜೀನಿನ ಒಂದು ಬದಲಾವಣೆ, ಪ್ರೊಟೀನಿನ 24ನೆಯ ಕೊಂಡಿಯಲ್ಲೇ ಕೆಲಸ ನಿಂತುಹೋಗುವಂಥದ್ದು, ಭಾರತೀಯರಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಅದೇ ಬದಲಾವಣೆ ಯುರೋಪಿನ ರೋಮಾ ಜನರಲ್ಲೂ ಇದೆ. ಭಾರತದಿಂದ ವಲಸೆ ಹೋದ ಅವರ ಪೂರ್ವಜರು ಹೊತ್ತೊಯ್ದದ್ದು. ಒಂದು ಅಕ್ಷರದ ತಪ್ಪು ಸಾವಿರ ವರ್ಷದ ಪ್ರಯಾಣದ ಕಥೆ ಹೇಳುವುದನ್ನು ನೋಡಬೇಕೆಂದರೆ ಕಿವಿಯಿಂದ ಶುರು ಮಾಡಬಹುದು.

ಎರಡು, ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆರಿಗೆ ದಾಖಲೆಗಳು. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಪುಸ್ತಕಗಳಿದ್ದವು. ದಶಕಗಳ ನಂತರ ಅದೇ ಮಕ್ಕಳನ್ನು, ಆಗ ನಡುವಯಸ್ಸು ದಾಟಿದವರನ್ನು, ಹುಡುಕಿ ಸಕ್ಕರೆ ಕಾಯಿಲೆ ಮತ್ತು ಹೃದಯದ ಕಾಯಿಲೆಗಳ ಅಧ್ಯಯನ ನಡೆಯಿತು. 1997ರಿಂದ ಶುರುವಾದ ಪಾರ್ಥೆನಾನ್ ಅಧ್ಯಯನ ಗರ್ಭಿಣಿಯರಿಂದ ಆರಂಭಿಸಿ ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಒಂದೇ ಜೀನ್ ಕೆಟ್ಟು ಬರುವ ಅಪರೂಪದ ಕಾಯಿಲೆಗಳ ಹಾದಿ ಇದಲ್ಲ. ನೂರಾರು ಜೀನ್‌ಗಳು, ಆಹಾರ, ಬಸಿರಿನ ದಿನಗಳು ಸೇರಿ ತರುವ ಕಾಯಿಲೆಗಳದು. ಅಂಕಿಅಂಶದಲ್ಲಿ ಕೈ ಪಳಗಿದವರಿಗೆ ಇಂಥ ಸಂಪತ್ತು ಭಾರತದಲ್ಲಿ ಅಪರೂಪ.

ಮೈಸೂರಿನ ಕೊರತೆಯನ್ನೂ ಹೇಳಿಬಿಡುತ್ತೇನೆ. ಇದೇ ಕೆಲಸ ಮಾಡುವ ಓರಗೆಯವರು ಕಡಿಮೆ. ಬೆಂಗಳೂರಿನ ದೊಡ್ಡ ಲ್ಯಾಬಿನಲ್ಲಿ ಕೋಡ್ ಸಿಕ್ಕಿಹಾಕಿಕೊಂಡರೆ ಪಕ್ಕದ ಮೇಜಿನವರನ್ನು ಕೇಳಬಹುದು. ಇಲ್ಲಿ ನೀವೇ ಪಕ್ಕದ ಮೇಜು. ಮೂವತ್ತು ಪಟ್ಟು ಆಳಕ್ಕೆ, ಅಂದರೆ ಪ್ರತಿ ಅಕ್ಷರವನ್ನೂ ಸರಾಸರಿ ಮೂವತ್ತು ಬಾರಿ, ಓದಿಸಿದ ಒಂದು ಪೂರ್ತಿ ಜೀನೋಮ್ ನೂರು ಗಿಗಾಬೈಟ್‌ನಷ್ಟು ಜಾಗ ತಿನ್ನುತ್ತದೆ. ಐವತ್ತು ಕುಟುಂಬಗಳ ಕೆಲಸಕ್ಕೆ ವಿಭಾಗದ ಒಂದು ಸರ್ವರ್ ಏದುಸಿರು ಬಿಡುತ್ತದೆ. "ಸರ್ವರ್ ನನ್ನ ಜವಾಬ್ದಾರಿ" ಎಂಬ ಆ ವಾಟ್ಸ್‌ಆ್ಯಪ್ ಸಂದೇಶಕ್ಕೆ ಮರುಪ್ರಶ್ನೆ ಹಾಕಲು ನಾನು ಹುಡುಗಿಗೆ ಹೇಳಿದೆ: ಎಷ್ಟು ಟೆರಾಬೈಟ್, ಕರೆಂಟ್ ಹೋದಾಗ ಏನು, ಬ್ಯಾಕಪ್ ಎಲ್ಲಿ?

ಒಂದು ಬದಲಾವಣೆ ಮಾತ್ರ ಮೈಸೂರಿನ ಪರವಾಗಿದೆ. ಜೀನೋಮ್ ಇಂಡಿಯಾ ಯೋಜನೆ ಇಪ್ಪತ್ತು ಸಂಸ್ಥೆಗಳನ್ನು ಸೇರಿಸಿಕೊಂಡು ಸುಮಾರು 10 ಸಾವಿರ ಭಾರತೀಯರ ಪೂರ್ತಿ ಜೀನೋಮ್ ಓದಿಸಿತು. ಆ ದತ್ತಾಂಶ 2025ರ ಜನವರಿಯಲ್ಲಿ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದ ಮೂಲಕ ಸಂಶೋಧಕರಿಗೆ ತೆರೆಯಿತು. ಪ್ರಸ್ತಾವ ಬರೆದು, ಒಪ್ಪಿಗೆ ಪಡೆದು ಬಳಸಬೇಕು. ಇದು ಏಕೆ ದೊಡ್ಡದೆಂದರೆ, ಒಂದು ವೇರಿಯಂಟ್ ಅಪರೂಪವೋ ಅಲ್ಲವೋ ಎಂದು ನೋಡಲು ಜಗತ್ತೆಲ್ಲ ಬಳಸುವ ನೋಮ್ಯಾಡ್ ಸಂಗ್ರಹದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇದ್ದರೂ ದಕ್ಷಿಣ ಏಷ್ಯಾದವರು ಅದರಲ್ಲಿ ಸಣ್ಣ ಪಾಲು. ನಮ್ಮವರಲ್ಲಿ ಸಾಮಾನ್ಯವಾದ, ನಿರಪಾಯದ ವ್ಯತ್ಯಾಸ ಅಲ್ಲಿ ಅಪರೂಪವೆಂದು ಕಂಡು, ಕಾಯಿಲೆಯ ಕಾರಣವೆಂಬ ಅಪವಾದ ಹೊತ್ತು ಕೂರುತ್ತದೆ. ಇದರ ತಿರುವುಮುರುವೂ ಉಂಟು. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಎಂವೈಬಿಪಿಸಿ3 ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋದ ಒಂದು ರೂಪ ದಕ್ಷಿಣ ಏಷ್ಯಾದ ನೂರು ಜನರಲ್ಲಿ ಸುಮಾರು ನಾಲ್ವರಲ್ಲಿ ಇದೆ, ಅದು ಹೃದಯದ ತೊಂದರೆಗೆ ದಾರಿ ಮಾಡುತ್ತದೆ ಎಂದು 2009ರಲ್ಲಿ ಗೊತ್ತಾಯಿತು. ಯುರೋಪಿನವರ ಪಟ್ಟಿಯನ್ನಷ್ಟೇ ನೋಡುತ್ತ ಕುಳಿತಿದ್ದರೆ ಅದು ಕಣ್ಣಿಗೆ ಬೀಳುತ್ತಿರಲಿಲ್ಲ.

ಬೆಂಗಳೂರು, ಮಣಿಪಾಲ, ಹೈದರಾಬಾದ್

ಬೆಂಗಳೂರಿನಲ್ಲಿ ಆಯ್ಕೆಗಳು ಹೆಚ್ಚು, ಒಂದಕ್ಕೊಂದು ಹೋಲಿಕೆ ಕಡಿಮೆ. ಎಲೆಕ್ಟ್ರಾನಿಕ್ ಸಿಟಿಯ ಮಾನವ ತಳಿವಿಜ್ಞಾನ ಕೇಂದ್ರ ರೋಗಿಗಳ ಕಡೆಗೆ ಮುಖಮಾಡಿರುವುದು; ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜೊತೆಗೂಡಿ ಅದು 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಉತ್ಕೃಷ್ಟತಾ ಕೇಂದ್ರ. ಪಕ್ಕದಲ್ಲೇ ಇರುವ ಐಬಿಎಬಿ (ಜೈವಿಕ ಮಾಹಿತಿ ಮತ್ತು ಅನ್ವಯಿಕ ಜೈವಿಕ ತಂತ್ರಜ್ಞಾನ ಸಂಸ್ಥೆ) ಗಣಕದ ಕಡೆ ಬಲವಾದದ್ದು. ನಿಮ್ಹಾನ್ಸ್‌ನಲ್ಲಿ ನರ ಮತ್ತು ಸ್ನಾಯುವಿನ ಆನುವಂಶಿಕ ಕಾಯಿಲೆಗಳ ರೋಗಿಗಳ ಸಂಖ್ಯೆ ದೊಡ್ಡದು. ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಎರಡರಲ್ಲೂ ಮೂಲವಿಜ್ಞಾನದ ಆಳ ಸಿಗುತ್ತದೆ, ರೋಗಿ ಒಂದೆರಡು ಒಪ್ಪಂದಪತ್ರಗಳಾಚೆ ಇರುತ್ತಾನೆ. ಖಾಸಗಿ ಪರೀಕ್ಷಾಲಯಗಳೂ ಡಾಕ್ಟರೇಟ್ ಆದವರನ್ನು ವೇರಿಯಂಟ್ ವಿಶ್ಲೇಷಣೆಗೆ ತೆಗೆದುಕೊಳ್ಳುತ್ತವೆ. ಸಂಬಳ ಚೆನ್ನಾಗಿದೆ, ವಾರಕ್ಕೆ ಹತ್ತಾರು ಪ್ರಕರಣ ನೋಡಿ ಕಣ್ಣು ಪಳಗುತ್ತದೆ, ವರದಿ ಕಳುಹಿಸಿದ ಮೇಲೆ ಆ ಕುಟುಂಬಕ್ಕೆ ಏನಾಯಿತು ಎಂಬುದು ಮಾತ್ರ ತಿಳಿಯುವುದಿಲ್ಲ. ಅದು ಉದ್ಯೋಗ, ಪೋಸ್ಟ್‌ಡಾಕ್ ಎಂದುಕೊಂಡು ಸೇರಬೇಡಿ.

ಮಂಡ್ಯದಿಂದ ದಿನವೂ ರೈಲಿನಲ್ಲಿ ಓಡಾಡುತ್ತೇನೆ ಎನ್ನುವವರಿಗೆ ಒಂದು ಮಾತು. ಬೆಂಗಳೂರು ನಿಲ್ದಾಣಕ್ಕೆ ಬಂದಿಳಿಯುವುದು ದೊಡ್ಡದಲ್ಲ, ಅಲ್ಲಿಂದ ಲ್ಯಾಬಿಗೆ ಹೋಗುವುದು ದೊಡ್ಡದು. ಕಂಪ್ಯೂಟರ್ ಕೆಲಸ ತಾನೇ, ಮನೆಯಿಂದಲೇ ಮಾಡಬಹುದಲ್ಲ ಎಂದರೆ, ರೋಗಿಯ ಜೀನೋಮ್ ಸಂಸ್ಥೆಯ ಸರ್ವರ್ ಬಿಟ್ಟು ನಿಮ್ಮ ಲ್ಯಾಪ್‌ಟಾಪ್‌ಗೆ ಇಳಿಯುವಂತಿಲ್ಲ. ಇಳಿಸಲು ಬಿಡುವ ಲ್ಯಾಬ್ ಇದ್ದರೆ ಅಲ್ಲಿಗೆ ಹೋಗಲೇಬೇಡಿ.

ಮಣಿಪಾಲವನ್ನು ನಮ್ಮ ಕಡೆಯವರು ಮರೆಯುತ್ತಾರೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯಕೀಯ ತಳಿವಿಜ್ಞಾನ ವಿಭಾಗದಲ್ಲಿ ಹೊರರೋಗಿ ಕೊಠಡಿ ಮತ್ತು ಎಕ್ಸೋಮ್ ವಿಶ್ಲೇಷಣೆ ಒಂದೇ ಸೂರಿನಡಿ. ಹೊಸ ಕಾಯಿಲೆಗಳನ್ನು, ಹೊಸ ಜೀನ್‌ಗಳನ್ನು ವರದಿ ಮಾಡಿದ ಹೆಸರು ಅದಕ್ಕಿದೆ. ನಾನು ಮೊದಲು ಹೇಳಿದ ದಾರಿ ಅಲ್ಲಿ ಬಲು ಚಿಕ್ಕದು. ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಮತ್ತು ರೋಗನಿರ್ಣಯ ಕೇಂದ್ರ ಸಿಡಿಎಫ್‌ಡಿಯದೂ ಅದೇ ಗುಣ, ಆನುವಂಶಿಕ ಪರೀಕ್ಷೆಯ ಸೇವೆ ಮತ್ತು ಸಂಶೋಧನೆ ಎರಡೂ ಅಲ್ಲಿವೆ. ಜನಸಮುದಾಯಗಳ ಇತಿಹಾಸದ ಕಡೆ ಒಲವಿದ್ದರೆ ಅದೇ ಊರಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ). ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಕಾಚಿಗುಡ.

ಹೊರದೇಶ

ದೂರದ ಬೆಟ್ಟ ನುಣ್ಣಗೆ ಎಂದು ಇದನ್ನು ತಳ್ಳಿಹಾಕುವವನು ನಾನಲ್ಲ. ವಿಧಾನಗಳನ್ನು ಹುಟ್ಟಿಸುವ ಜಾಗದಲ್ಲಿ ಎರಡು ವರ್ಷ ಇದ್ದವರ ಯೋಚನೆಯ ಹರವೇ ಬೇರೆ. ಕೇಂಬ್ರಿಡ್ಜ್ ಪಕ್ಕದ ಹಿಂಕ್ಸ್‌ಟನ್ ಎಂಬ ಹಳ್ಳಿಯಲ್ಲಿ ಯುರೋಪಿಯನ್ ಬಯೋಇನ್ಫರ್ಮ್ಯಾಟಿಕ್ಸ್ ಇನ್‌ಸ್ಟಿಟ್ಯೂಟ್ ಮತ್ತು ಸ್ಯಾಂಗರ್ ಸಂಸ್ಥೆ ಒಂದೇ ಆವರಣದಲ್ಲಿವೆ. ಇಬ್ಬರ ಜೊತೆಗೂ ಕೆಲಸ ಮಾಡುವ ಜಂಟಿ ಪೋಸ್ಟ್‌ಡಾಕ್ ವ್ಯವಸ್ಥೆಯೂ ಅಲ್ಲಿ ನಡೆದುಬಂದಿದೆ. ನಾವು ದಿನವೂ ತೆರೆದು ನೋಡುವ ದತ್ತಸಂಗ್ರಹಗಳಲ್ಲಿ ಹಲವು ಅಲ್ಲಿ ಕುಳಿತವರ ಕೈಕೆಲಸ.

ಯುರೋಪಿಗೆ ಹೊರಡುವವರಿಗೆ ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್ ಅನುಕೂಲ. ಅರ್ಜಿಯ ಕೊನೆಯ ದಿನದೊಳಗೆ ವೈವಾ ಮುಗಿದಿರಬೇಕು, ಪಿಎಚ್‌ಡಿ ಆಗಿ ಎಂಟು ವರ್ಷ ದಾಟಿರಬಾರದು, ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಹೆಚ್ಚು ಇದ್ದಿರಬಾರದು. ನಮ್ಮವರು ಎಡವುವುದು ಮೊದಲನೆಯದರಲ್ಲಿ. ನನ್ನ ಗೆಳೆಯನೊಬ್ಬನ ಪ್ರಬಂಧ ಪರೀಕ್ಷಕರ ಬಳಿ ಹನ್ನೊಂದು ತಿಂಗಳು ಮಲಗಿತ್ತು. ಆ ವರ್ಷದ ಅರ್ಜಿ ಹಾಗೇ ಕೈತಪ್ಪಿತು.

ಅಮೆರಿಕದಲ್ಲಿ ಹಣದ ಬಾಗಿಲು ಹೆಚ್ಚು, ಎಲ್ಲವೂ ನಮಗೆ ತೆರೆದಿಲ್ಲ. ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತರಬೇತಿ ಫೆಲೋಶಿಪ್‌ಗಳು ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ನಾವು ಹೋಗುವುದು ಸಾಮಾನ್ಯವಾಗಿ ಮುಖ್ಯಸ್ಥರ ಅನುದಾನದ ಮೇಲೆ, ಜೆ-1 ಎಂಬ ವಿನಿಮಯ ಭೇಟಿಯ ವೀಸಾದಲ್ಲಿ, ಗರಿಷ್ಠ ಐದು ವರ್ಷ. ಅಲ್ಲಿಂದ ಮುಂದೆ ಎಚ್-1ಬಿ ಕೆಲಸದ ವೀಸಾಗೆ ಹೋಗುತ್ತೇನೆ ಎಂಬ ಹಳೆಯ ಲೆಕ್ಕಾಚಾರ, 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹೊರಗಿರುವವರ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದ ಮೇಲೆ, ಮೊದಲಿನಷ್ಟು ಸಲೀಸಲ್ಲ. ಹಿಂತಿರುಗಿ ಬರುವವರಿಗೆ ರಾಮಲಿಂಗಸ್ವಾಮಿ ಫೆಲೋಶಿಪ್ ಇದೆ, ಐದು ವರ್ಷದ್ದು.

ನನ್ನ ಅಭಿಪ್ರಾಯ ಕೇಳಿದರೆ, ಹೊರದೇಶ ಎರಡನೆಯ ಪೋಸ್ಟ್‌ಡಾಕ್‌ಗೆ ಒಳ್ಳೆಯದು. ಮೊದಲು ಇಲ್ಲಿನ ರೋಗಿಗಳನ್ನು, ಕುಟುಂಬಗಳನ್ನು, ಕಡತಗಳ ತಪ್ಪುಗಳನ್ನು ಕಂಡುಕೊಂಡು ಹೋದವರು ಅಲ್ಲಿ ವಿಧಾನ ಕಲಿಯುವಾಗ ಏನನ್ನು ಕಲಿಯಬೇಕೆಂದು ಬಲ್ಲರು. ಯಂತ್ರಕಲಿಕೆಯ ಹೊಸ ಮಾದರಿಗಳನ್ನೇ ಕಟ್ಟಬೇಕೆಂಬ ಹಠವಿರುವವರಿಗೆ ಈ ಮಾತು ಅನ್ವಯಿಸದು, ಅವರು ನೇರವಾಗಿ ಹೋಗಲಿ.

ಒಪ್ಪುವ ಮೊದಲು

ಯಾವ ಲ್ಯಾಬ್ ಆದರೂ ಈ ಕೆಲವನ್ನು ಕೇಳಿ. ಅರ್ಥ ಸ್ಪಷ್ಟವಾಗದ ವೇರಿಯಂಟ್ ಸಿಕ್ಕಾಗ ನೀವು ಏನು ಮಾಡುತ್ತೀರಿ? "ವರದಿಯಲ್ಲಿ ಹಾಗೆಯೇ ಬರೆಯುತ್ತೇವೆ" ಎಂದರೆ ಅದು ಸಿದ್ಧ ತಂತ್ರಾಂಶಗಳ ಪೈಪ್‌ಲೈನ್ ಓಡಿಸುವ ಜಾಗ. "ಅಪ್ಪ ಅಮ್ಮನ ರಕ್ತ ತರಿಸುತ್ತೇವೆ, ಜೀವಕೋಶದಲ್ಲಿ ಪರೀಕ್ಷಿಸುವವರ ಬಳಿಗೆ ಒಯ್ಯುತ್ತೇವೆ, ಎರಡು ವರ್ಷ ಬಿಟ್ಟು ಮತ್ತೆ ನೋಡುತ್ತೇವೆ" ಎಂದರೆ ಕುರ್ಚಿ ಎಳೆದುಕೊಂಡು ಕೂರಿ. ಹಿಂದಿನ ಮೂವರು ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ? ಹೊರಡುವಾಗ ನನ್ನ ಪ್ರಶ್ನೆಯನ್ನು ನಾನು ಜೊತೆಗೆ ಒಯ್ಯಬಹುದೇ? ಈ ಕೊನೆಯದಕ್ಕೆ ಉತ್ತರ ತಡವರಿಸಿದರೆ ಆ ಮೌನವನ್ನೂ ಉತ್ತರವೆಂದೇ ಬರೆದುಕೊಳ್ಳಿ.

ಹುಡುಗಿ ಜರ್ಮನಿಯವರಿಗೆ ಮುಂದಿನ ವರ್ಷ ಎಂದು ಬರೆದಳು. ಮೈಸೂರಿನ ಪ್ರಾಧ್ಯಾಪಕರಿಗೆ ಸರ್ವರ್ ಪ್ರಶ್ನೆಗಳನ್ನು ಕಳುಹಿಸಿದ್ದಾಳೆ. ಅವರು ಬೇಸರಿಸದೆ ಸಂಖ್ಯೆಗಳ ಸಮೇತ ಉತ್ತರ ಬರೆದರಂತೆ, ಆ ಬಾಗಿಲು ಫೆಲೋಶಿಪ್ ಹೊತ್ತಿಗೆ ತೆರೆದೇ ಇರುತ್ತದೆ. ಬೆಂಗಳೂರಿನ ಲ್ಯಾಬಿಗೆ ಅವಳು ಒಂದೇ ಷರತ್ತು ಹಾಕಿದಳು: ವಾರಕ್ಕೊಮ್ಮೆ ಹೊರರೋಗಿ ಕೊಠಡಿಯಲ್ಲಿ ಕೂರಲು ಬಿಡಬೇಕು. ಮರುದಿನವೇ ಅಲ್ಲಿನ ವೈದ್ಯೆಯಿಂದ ಎರಡು ಸಾಲಿನ ಉತ್ತರ ಬಂತು. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ. ಮಂಡ್ಯದವರಲ್ಲವೇ, ವಂಶವೃಕ್ಷ ಬರೆದುಕೊಳ್ಳುವ ಕೆಲಸ ನಿಮಗೇ ಕೊಡುತ್ತೇನೆ.